ಕಲಿಕೆಯ ಜೊತೆ ಗಳಿಕೆ: ಗಡಿಯ ಮೂರು ಊರುಗಳ ಆನ್‌ಲೈನ್ ಹಂಬಲ

ಮಹಾರಾಷ್ಟ್ರದ ಗಡಿ ಕಡೆಯ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ವ್ಯಾಪಾರವೇ ಬೆಳೆಸಿದ ಊರುಗಳು. ಕೊಲ್ಹಾಪುರಕ್ಕೆ ಚಪ್ಪಲಿ, ಬೆಲ್ಲ, ಬೆಳ್ಳಿ-ಬಂಗಾರದ ಪೇಟೆ, ಇಚಲಕರಂಜಿಗೆ ಮಗ್ಗ, ಗಡಹಿಂಗ್ಲಜಕ್ಕೆ ಸಂಕೇಶ್ವರಿ ಮೆಣಸಿನಕಾಯಿಯ ಹರಾಜು. ಹೀಗಿದ್ದೂ ಇಲ್ಲಿಯ ಕಾಲೇಜು ಹುಡುಗರು ಆನ್‌ಲೈನ್‌ನಲ್ಲಿ ಸ್ವಂತ ಧಂದೆ ಮಾಡಬೇಕೆಂದು ಹೊರಟಾಗ ಅನೇಕರು ಮೊದಲು ಕೈಹಾಕುವುದು ಬೇರೆಲ್ಲಿಯದೋ ಸರಕಿಗೆ. ಫೋನಿನ ಕವರು, ದಿಲ್ಲಿಯಿಂದ ಬರುವ ಅಗ್ಗದ ಗಡಿಯಾರ, ಸೂರತ್ತಿನ ಸೀರೆ. ಸರಕನ್ನು ಕಣ್ಣಾರೆ ನೋಡಿರುವುದಿಲ್ಲ, ಮಾಡಿದವರು ಯಾರೆಂದು ಗೊತ್ತಿರುವುದಿಲ್ಲ. ಫೋಟೊ ಹಾಕುವುದು, ಆರ್ಡರ್ ಬಂದರೆ ಸಗಟು ವ್ಯಾಪಾರಿಗೆ ದಾಟಿಸುವುದು, ನಡುವೆ ಉಳಿದ ನೂರು ರೂಪಾಯಿ ತಮ್ಮದೆಂದುಕೊಳ್ಳುವುದು, ಇಷ್ಟೇ ಲೆಕ್ಕ. ಗಳಿಸಬೇಕೆಂಬ ಈ ಹಂಬಲದಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಸಿಗುತ್ತಿರುವ ಪಾಠದಲ್ಲಿ ಮಾತ್ರ ದೊಡ್ಡ ತಪ್ಪಿದೆ. ಮನೆಯಂಗಳದ ಸರಕನ್ನು ಬಿಟ್ಟು ಕಾಣದ ಸರಕಿನ ಬೆನ್ನುಹತ್ತಲು ಆ ಪಾಠ ಕಲಿಸುತ್ತಿದೆ.

ಹಂಬಲಕ್ಕೆ ಕಾರಣಗಳು ಗಟ್ಟಿಯಾಗಿಯೇ ಇವೆ. ಕಬ್ಬಿನ ಬಿಲ್ಲಿನ ಮೇಲೆ ನಡೆಯುವ ಮನೆಯಲ್ಲಿ ಹಂಗಾಮು ಕಳೆದ ಮೇಲೆ ಕೈಯಲ್ಲಿ ರೊಕ್ಕ ಆಡುವುದಿಲ್ಲ. ಮಗ್ಗದ ಶೆಡ್ಡಿನಲ್ಲಿ ದುಡಿಯುವ ಅಪ್ಪನ ಪಗಾರದಲ್ಲಿ ಕಾಲೇಜಿನ ಫೀ, ಬಸ್ ಪಾಸು, ಮೊಬೈಲ್ ರೀಚಾರ್ಜ್ ಮೂರೂ ಒಟ್ಟಿಗೆ ಹೊಂದುವುದು ಕಷ್ಟ. ಎಂಜಿನಿಯರಿಂಗ್ ಮುಗಿಸಿದವರು ಪುಣೆ ಹಾದಿ ಹಿಡಿಯುತ್ತಾರೆ; ಬಿ.ಎ., ಬಿ.ಕಾಂ. ಮುಗಿಸಿದವರಲ್ಲಿ ಎಷ್ಟೋ ಮಂದಿ ಮಹಾರಾಷ್ಟ್ರ ಲೋಕಸೇವಾ ಆಯೋಗದ (ಎಂಪಿಎಸ್‌ಸಿ) ಪರೀಕ್ಷೆಗೆಂದು ವರ್ಷಗಟ್ಟಲೆ ಅಭ್ಯಾಸಿಕೆಯ ಓದುಕೋಣೆಯಲ್ಲಿ ಕುಳಿತುಬಿಡುತ್ತಾರೆ. ಈ ಎರಡು ದಾರಿಯ ನಡುವೆ ಮೂರನೆಯದೊಂದು ತೆರೆದದ್ದು 2016ರಲ್ಲಿ. ಆ ವರ್ಷವೇ ಜಿಯೋ ಅಗ್ಗದ ಡೇಟಾ ತಂದಿತು, ಆ ವರ್ಷವೇ ಯುಪಿಐ ಬಂತು. 2020ರ ಲಾಕ್‌ಡೌನ್ ಹುಡುಗರನ್ನು ಮನೆಯಲ್ಲಿ ಕೂರಿಸಿತು. ಆ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಅಂಗಡಿಗೆ ಪಗಡಿ ಕೊಡದೆ, ಬಾಡಿಗೆ ಕಟ್ಟದೆ ಗಿರಾಕಿಯ ಮುಂದೆ ನಿಲ್ಲಬಹುದೆಂಬ ಮಾತು ಆಗ ಮನೆಮನೆಗೂ ಗೊತ್ತಾಯಿತು.

ಇದನ್ನು ಹೊಸ ಪೀಳಿಗೆಯ ಆತುರವೆಂದು ತಳ್ಳಿಹಾಕುವ ಹಿರಿಯರಿದ್ದಾರೆ. ಅವರಿಗೆ ಕರ್ಮವೀರ ಭಾವುರಾವ್ ಪಾಟೀಲರನ್ನು ನೆನಪಿಸಬೇಕು. ಹುಟ್ಟಿದ್ದು 1887ರಲ್ಲಿ, ಇದೇ ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ. ಜೈನ ರೈತ ಮನೆತನ; ಪೂರ್ವಿಕರು ಮೂಡುಬಿದಿರೆ ಕಡೆಯವರೆಂದು ಹೇಳುತ್ತಾರೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟುವ ಮೊದಲು ಅವರು ಊರೂರು ತಿರುಗಿ ಓಗಲೆ ಕಾರ್ಖಾನೆಯ ಗಾಜಿನ ಸಾಮಾನು, ಕಿರ್ಲೋಸ್ಕರ್ ನೇಗಿಲು ಮಾರಿದ್ದರು. ದುಡಿದು ಕಲಿಯಬೇಕೆಂಬುದನ್ನೇ ಸಂಸ್ಥೆಯ ಬುನಾದಿಯಾಗಿಸಿದ ಆ ಮನುಷ್ಯನಿಗೆ ಮಾರುವವನ ಕಷ್ಟ ಗೊತ್ತಿತ್ತು. 1962ರಲ್ಲಿ ಆರಂಭವಾದ ಶಿವಾಜಿ ವಿಶ್ವವಿದ್ಯಾಲಯದಲ್ಲೂ ‘ಕಮವಾ ವ ಶಿಕಾ’ ಯೋಜನೆ ನಡೆದುಬಂದಿದೆ. ಕಲಿಯುತ್ತ ಗಳಿಸುವುದು ಈ ನೆಲದಲ್ಲಿ ನೂರು ವರ್ಷದ ಮಾತು. ಆಗಿನ ವಿದ್ಯಾರ್ಥಿ ಹೊಲದಲ್ಲಿ ದುಡಿದರೆ ಈಗಿನವನು ಫೋನಿನಲ್ಲಿ ದುಡಿಯಬೇಕೆನ್ನುತ್ತಾನೆ, ಅಷ್ಟೇ.

ಆದರೆ ಭಾವುರಾವ್ ಅವರ ಹುಡುಗರಿಗೆ ಯಾರೂ ‘ಪ್ಯಾಸಿವ್ ಇನ್‌ಕಮ್’ ಮಾರಲಿಲ್ಲ. ಇಂದು ಹದಿನೆಂಟರ ಹುಡುಗನ ಫೋನಿಗೆ ಮೊದಲು ಬರುವುದು ಧಂದೆಯಲ್ಲ, ಧಂದೆ ಕಲಿಸುತ್ತೇನೆಂಬ ಕೋರ್ಸಿನ ಜಾಹೀರಾತು. ಬಾಡಿಗೆ ಕಾರಿನ ಮುಂದೆ ನಿಂತ ಯಾರೋ ತಿಂಗಳಿಗೆ ಲಕ್ಷ ಎನ್ನುತ್ತಾನೆ. ಕೆಲವು ಸಾವಿರ ಕೊಟ್ಟು ಕೋರ್ಸು ಕೊಂಡವನಿಗೆ ಕೊನೆಗೆ ಕಲಿಸುವುದು ಅದೇ ಕೋರ್ಸನ್ನು ಇನ್ನೊಬ್ಬನಿಗೆ ಮಾರುವುದನ್ನು. ಜನರನ್ನು ಸೇರಿಸಿದ್ದಕ್ಕೆ ಹಣ ಕೊಡುವ ಪಿರಮಿಡ್ ಯೋಜನೆಗಳನ್ನು 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ಆದರೆ ಈ ಜಾಲ ತನ್ನ ಹೆಸರನ್ನು ‘ಅಫಿಲಿಯೇಟ್’ ಎಂದು ಬದಲಿಸಿಕೊಂಡು ಹಾಸ್ಟೆಲಿನ ಕೋಣೆಗಳಲ್ಲಿ ಸುತ್ತುತ್ತಲೇ ಇದೆ, ಮತ್ತು ಅದರಲ್ಲಿ ಮುಳುಗುವುದು ಸಾಮಾನ್ಯವಾಗಿ ಗೆಳೆಯನ ಹಣವೇ.

ಇನ್ನೊಂದು ಮರುಳು ಟ್ರೇಡಿಂಗ್. ಹುಡುಗರ ಬಾಯಲ್ಲಿ ಇದೂ ‘ಆನ್‌ಲೈನ್ ಬಿಸಿನೆಸ್’. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರಡಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇಕಡಾ 93 ಮಂದಿ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿತ್ತು. ಮೂವತ್ತರ ಒಳಗಿನವರ ಪಾಲು ಒಂದೇ ವರ್ಷದಲ್ಲಿ ಶೇಕಡಾ 31ರಿಂದ 43ಕ್ಕೆ ಏರಿತ್ತು. ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಇರಬೇಕಾದ ಅಂಕಿಗಳಿವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿತು. ಅದು ಒಳ್ಳೆಯದೇ ಆಯಿತು. ಯೂಟ್ಯೂಬಿನ ಮಾತು ಬೇರೆ, ಅಲ್ಲಿ ಮೋಸವಿಲ್ಲ. ಆದರೆ ಜಾಹೀರಾತಿನ ಹಣ ಬರಬೇಕಾದರೆ 1,000 ಚಂದಾದಾರರು, ವರ್ಷದೊಳಗೆ 4,000 ಗಂಟೆಗಳ ವೀಕ್ಷಣೆ ಬೇಕು, ಇಲ್ಲವೇ ಶಾರ್ಟ್ಸ್‌ಗೆ ಮೂರು ತಿಂಗಳಲ್ಲಿ ಒಂದು ಕೋಟಿ ವೀಕ್ಷಣೆ. ಅಲ್ಲಿಯವರೆಗಿನ ದುಡಿಮೆಯೆಲ್ಲ ಪುಕ್ಕಟೆ.

ಇವನ್ನೆಲ್ಲ ಬದಿಗಿಟ್ಟು ಸರಕು ಮಾರುವವರ ಕಡೆ ಬರೋಣ. ಇಲ್ಲಿಯ ವಿದ್ಯಾರ್ಥಿಗೆ ಕೈಗೆಟಕುವ ಅತಿ ದೊಡ್ಡ ಹೆಸರು ಕೊಲ್ಹಾಪುರಿ ಚಪ್ಪಲಿ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಈ ಚಪ್ಪಲಿ ಎರಡು ರಾಜ್ಯಗಳ ಸೊತ್ತು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿಯ ಸಮಗಾರರ ಮನೆಗಳಲ್ಲಿ ಹೊಲಿದ ಜೋಡು ಕೊಲ್ಹಾಪುರದ ಚಪ್ಪಲ್ ಲೈನಿನಲ್ಲಿ ಮಾರಾಟವಾಗುವುದು ಹಳೆಯ ವಹಿವಾಟು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಯನ್ನು ಮೂಲದ ಹೆಸರೆತ್ತದೆ ತೋರಿಸಿ ಟೀಕೆಗೆ ಒಳಗಾಯಿತು. ಆಮೇಲೆ ಮೂಲವನ್ನು ಒಪ್ಪಿಕೊಂಡು, ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ನಿಗಮಗಳೊಂದಿಗೆ ಒಪ್ಪಂದಕ್ಕೆ ಬಂತು: ಇಲ್ಲಿಯ ಕುಶಲಕರ್ಮಿಗಳ ಕೈಯಲ್ಲಿ 2,000 ಜೊತೆ, ಒಂದೊಂದಕ್ಕೆ ಸುಮಾರು 800 ಯೂರೊ. ನಮ್ಮ ಪೇಟೆಯಲ್ಲಿ ಸಾವಿರ ರೂಪಾಯಿಗೆ ಚೌಕಾಸಿ ಮಾಡುವ ವಸ್ತು ಅದು. ಈ ಅಂತರದಲ್ಲಿ ಚರ್ಮದ ಪಾಲು ಕಡಿಮೆ, ಹೆಸರಿನ ಪಾಲು ಹೆಚ್ಚು.

ಹಾಗೆಂದು ಚಪ್ಪಲಿಯ ಫೋಟೊ ಹಾಕಿದ ಮಾತ್ರಕ್ಕೆ ಹಣ ಹರಿದುಬರುವುದಿಲ್ಲ. ಉದಾಹರಣೆಗೆ ಒಂದು ಲೆಕ್ಕ ಹಾಕಿ ನೋಡೋಣ. ಕುಶಲಕರ್ಮಿಯಿಂದ 800 ರೂಪಾಯಿಗೆ ತಂದ ಜೋಡನ್ನು 1,300ಕ್ಕೆ ಮಾರಿದರೆ ನಡುವೆ 500. ಡಬ್ಬಿ-ಪ್ಯಾಕಿಂಗಿಗೆ 40, ಕೊರಿಯರಿಗೆ 100, ಆ ಒಬ್ಬ ಗಿರಾಕಿಯನ್ನು ತರಲು ಸುರಿದ ಜಾಹೀರಾತಿಗೆ 150 ಹೋದರೆ ಉಳಿಯುವುದು 210. ಕ್ಯಾಶ್ ಆನ್ ಡೆಲಿವರಿಯಲ್ಲಿ ಐದರಲ್ಲಿ ಒಂದು ಪಾರ್ಸಲ್ ವಾಪಸ್ ಬಂತೆನ್ನಿ. ಅದಕ್ಕೆ ಪ್ಯಾಕಿಂಗ್, ಜಾಹೀರಾತು, ಹೋಗುವ ಕೊರಿಯರ್ ಅಲ್ಲದೆ ಬರುವ ಕೊರಿಯರಿನ 80 ಸೇರಿ 370 ಕೈಬಿಟ್ಟಿತು. ಮಾರಾಟವಾದ ನಾಲ್ಕು ಜೊತೆಯಿಂದ ಬಂದ 840ರಲ್ಲಿ ಅದನ್ನು ಕಳೆದರೆ 470. 2025ರ ಸೆಪ್ಟೆಂಬರ್‌ನಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇಕಡಾ 5. ಬೆಲೆಯಲ್ಲೇ ಅದು ಸೇರಿದ್ದರೆ ಮಾರಾಟವಾದ ಒಂದೊಂದು ಜೊತೆಗೆ 62ರಂತೆ 248 ಅಲ್ಲಿಗೆ. ಕೊನೆಗೆ ಕೈಗೆ ಬಂದದ್ದು 222 ರೂಪಾಯಿ, ಅಂದರೆ ಕಳಿಸಿದ ಒಂದೊಂದು ಜೊತೆಗೆ 44. ಇಷ್ಟಕ್ಕೆ ಹತ್ತಾರು ಮೆಸೇಜಿಗೆ ಉತ್ತರಿಸಿ, ಕ್ಲಾಸು ತಪ್ಪಿಸಿ ಕೊರಿಯರ್ ಆಫೀಸಿಗೆ ಓಡಬೇಕು.

ವಾಪಸ್ ಬರುವುದು ಐದಕ್ಕೊಂದರ ಬದಲು ಹತ್ತಕ್ಕೊಂದಾದರೆ? ಅದೇ ಲೆಕ್ಕದಲ್ಲಿ ಒಂದೊಂದು ಜೊತೆಗೆ 96 ಉಳಿಯುತ್ತದೆ, ಎರಡು ಪಟ್ಟಿಗಿಂತ ಹೆಚ್ಚು. ಮಾರಾಟ ಹೆಚ್ಚಿಸುವುದನ್ನು ಕಲಿಸುವ ಕೋರ್ಸುಗಳು ವಾಪಸಾತಿ ತಗ್ಗಿಸುವುದನ್ನು ಕಲಿಸುವುದಿಲ್ಲ, ಅದನ್ನು ಕಲಿಸಬಲ್ಲವನು ಸಮಗಾರ. ಕೊಲ್ಹಾಪುರಿ ಚಪ್ಪಲಿ ಮೊದಲಿಗೆ ಬಿಗಿ, ಕಚ್ಚುತ್ತದೆ. ಎಣ್ಣೆ ಹಚ್ಚಿ ನಾಲ್ಕು ದಿನ ಮೆಟ್ಟಿದರೆ ಚರ್ಮ ಪಾದದ ಆಕಾರಕ್ಕೆ ಕೂರುತ್ತದೆ. ಇದು ಗೊತ್ತಿಲ್ಲದ ಬೆಂಗಳೂರಿನ ಗಿರಾಕಿ ಅಳತೆ ಸರಿಯಿಲ್ಲವೆಂದು ಮೊದಲ ದಿನವೇ ವಾಪಸ್ ಕಳಿಸುತ್ತಾನೆ. ಹಳಬರು ಕಾಗದದ ಮೇಲೆ ಪಾದ ಇರಿಸಿ ಸುತ್ತ ಗೀಟು ಎಳೆದು ಅಳತೆ ತೆಗೆಯುತ್ತಿದ್ದರು. ಆ ಗೀಟಿನ ಫೋಟೊವನ್ನೇ ವಾಟ್ಸಾಪಿನಲ್ಲಿ ತರಿಸಿಕೊಂಡು, ಕಳಿಸುವ ಮೊದಲು ಒಂದು ಫೋನ್ ಮಾಡಿ, ‘ಮೊದಲ ವಾರ ಬಿಗಿ ಇರತೈತ್ರಿ, ಆಮ್ಯಾಲೆ ಸರಿ ಕೂಡತೈತಿ’ ಎಂದು ಹೇಳಿದ ಹುಡುಗಿಯ ಪಾರ್ಸಲುಗಳು ಕಡಿಮೆ ವಾಪಸ್ ಬರುತ್ತವೆ. ಸಂದು ಹೊಲಿಯುವುದು ಚರ್ಮದ ದಾರದಿಂದ, ಮೊಳೆ ಇಲ್ಲ; ಹದ ಮಾಡುವುದು ಕರಿಜಾಲಿ ತೊಗಟೆ, ಅಳಲೆಕಾಯಿಯಿಂದ; ಕಾಪಶಿ, ಪಾಯತಾಣ, ಕಚಕಡಿ, ಬಕ್ಕಲನಾಳಿ, ಪುಕರಿ ಎಂದು ಜಾತಿಗಳಿವೆ. ಇವನ್ನು ಬಲ್ಲವಳು ರೆಕ್ಸಿನ್ ಚಪ್ಪಲಿಯ ನಡುವೆ ಅಸಲಿಯನ್ನು ಗುರುತಿಸಬಲ್ಲಳು. ಲಿಡ್‌ಕಾಮ್ ಈಗ ಅಸಲಿ ಜೋಡಿಗೆ ಕ್ಯೂಆರ್ ಕೋಡ್ ತಂದಿದೆ, ಅದನ್ನು ಬಳಸಿಕೊಳ್ಳಬೇಕು. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳ ಮೂಲಕ ಹೊರದೇಶಕ್ಕೂ ಕಳಿಸಬಹುದು.

ಇಲ್ಲೊಂದು ನ್ಯಾಯದ ಪ್ರಶ್ನೆಯೂ ಇದೆ. ಪೇಜ್ ನಡೆಸುವವರು ಕಲಿತವರು, ಹೊಲಿಯುವವರು ಹೆಚ್ಚಾಗಿ ದಲಿತ ಕುಟುಂಬಗಳವರು. ಪ್ರಾಡಾದ ಮೇಲೆ ನಾವು ಹೊರಿಸಿದ ಆರೋಪ, ಹೆಸರೆತ್ತಲಿಲ್ಲವೆಂಬುದು, ನಮ್ಮ ಹುಡುಗರ ಪೇಜುಗಳಿಗೂ ತಾಗುತ್ತದೆ. ಮಾಡಿದವರ ಹೆಸರು, ಊರು ಪೇಜಿನ ಮೇಲೆ ಇರಲಿ. ಲಾಭದಲ್ಲಿ ಅವರದೊಂದು ಪಾಲು ಮೊದಲೇ ಗೊತ್ತಾಗಿರಲಿ. ಆ ಮನೆಗಳ ಮಕ್ಕಳೇ ಈಗ ಕಾಲೇಜಿನಲ್ಲಿದ್ದಾರೆ. ಅವರೇ ಪೇಜ್ ತೆರೆದರೆ ನಡುವಿನವರ ಮಾತೇ ಬರುವುದಿಲ್ಲ. ನನ್ನ ಆಸೆಯಂತೂ ಅದೇ.

ಇಚಲಕರಂಜಿಗೆ ಬಂದರೆ ಲೆಕ್ಕ ಬೇರೆ. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಯಂತ್ರಮಗ್ಗ ಹಾಕಿದ ಈ ಊರಿಗೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದು ಎಷ್ಟೋ ಕಾಲವಾಯಿತು. ಮಗ್ಗದವರ ಮಗ ಬಟ್ಟೆಯನ್ನೇ ಆನ್‌ಲೈನ್‌ನಲ್ಲಿ ಮಾರಲಿ ಎನ್ನುವುದು ಸುಲಭ. ಆದರೆ ಇಲ್ಲಿ ಮಗ್ಗದಿಂದ ಇಳಿಯುವುದು ಬಹುಪಾಲು ಗ್ರೇ ಬಟ್ಟೆ; ಬಿಳುಪು, ಬಣ್ಣ, ಛಾಪು ಯಾವುದೂ ಆಗಿರುವುದಿಲ್ಲ. ಎಷ್ಟೋ ಮಗ್ಗಗಳು ವ್ಯಾಪಾರಿ ಕೊಟ್ಟ ನೂಲನ್ನು ಮಜೂರಿಗೆ ನೇಯುತ್ತವೆ, ಬಟ್ಟೆ ಮಗ್ಗದವನದೇ ಅಲ್ಲ. ಮಗ್ಗದ ಒಂದು ಬೀಮಿಗೆ ನೂರಾರು ಮೀಟರು ನೂಲು ಸುತ್ತಿರುತ್ತದೆ. ಒಬ್ಬ ಗಿರಾಕಿಗೆಂದು ಮೂರು ಮೀಟರು ನೇಯಲಾಗುವುದಿಲ್ಲ. ಊರು ತುಂಬ ಬಟ್ಟೆ ಇದ್ದೂ ವಿದ್ಯಾರ್ಥಿ ಸೂರತ್ತಿನ ಸೀರೆ ಮಾರುವುದಕ್ಕೆ ಇದೇ ಕಾರಣ, ಇದರಲ್ಲಿ ಅವನ ತಪ್ಪು ಹುಡುಕುವುದು ಅನ್ಯಾಯ. ನೂರು ಮೀಟರಿನಂಥ ಸಣ್ಣ ಪ್ರಮಾಣಕ್ಕೂ ಬಣ್ಣ ಹಾಕಿಕೊಡುವ, ಹೊಲಿದು ಕೊಡುವ ಒಂದು ಸಾಮಾನ್ಯ ಸೌಲಭ್ಯ ಊರಿನಲ್ಲಿ ಬೇಕು. 1982ರಿಂದ ಜವಳಿ ತಂತ್ರಜ್ಞಾನ ಕಲಿಸುತ್ತಿರುವ ಡಿಕೆಟಿಇ ಸಂಸ್ಥೆ ಇಲ್ಲೇ ಇದೆ. ಜವಳಿ ಓದುವ ಹುಡುಗ, ಬಿ.ಕಾಂ. ಹುಡುಗಿ, ಮಗ್ಗದ ಮನೆಯವನೊಬ್ಬ ಸೇರಿದರೆ ಅಡುಗೆಮನೆಯ ನ್ಯಾಪ್ಕಿನ್ನಿನಿಂದ ಹಾಸಿಗೆಯ ಚಾದರಿನವರೆಗೆ ಸ್ವಂತ ಹೆಸರಿನ ಸರಕು ಹೊರಡಬಹುದು.

ಗಡಹಿಂಗ್ಲಜದಲ್ಲಿ ಸರಕೂ ಇದೆ, ಗಿರಾಕಿಯೂ ಇದ್ದಾನೆ. ನಡುವೆ ರಾಜ್ಯದ ಗಡಿ ಅಡ್ಡ ಬಂದಿದೆ. ಇಲ್ಲಿಯ ಪೇಟೆಯಲ್ಲಿ ಹರಾಜಾಗುವ ಸಂಕೇಶ್ವರಿ ಮೆಣಸಿನಕಾಯಿ, ಅದನ್ನು ಕುಟ್ಟಿ ಮಾಡುವ ಕಾಂದಾ-ಲಸೂಣ ಖಾರ, ಪಕ್ಕದ ಆಜರಾದ ಘನಸಾಳ ಅಕ್ಕಿ, ಆಜರಾ-ಚಂದಗಡದ ಗೋಡಂಬಿ, ಕೊಲ್ಹಾಪುರದ ಬೆಲ್ಲ. ಪುಣೆ, ಮುಂಬೈ, ಬೆಂಗಳೂರಿಗೆ ಹೋದವರು ಊರಿಗೆ ಬಂದಾಗಲೆಲ್ಲ ಕಟ್ಟಿಕೊಂಡು ಹೋಗುವ ಸಾಮಾನು ಇವೇ. ಹೊಸ ಗಿರಾಕಿಯನ್ನು ಹುಡುಕಬೇಕಾಗಿಲ್ಲ, ಹೋದವರ ನಂಬರು ಇದ್ದರೆ ಸಾಕು. ತಿನ್ನುವ ವಸ್ತುವಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ, ಪೊಟ್ಟಣದ ಮೇಲೆ ತೂಕ, ತಾರೀಖು, ವಿಳಾಸ ಬೇಕು, ಅಷ್ಟನ್ನು ಕಲಿಯಲೇಬೇಕು.

ಕಷ್ಟ ಇರುವುದು ಜಿಎಸ್‌ಟಿಯಲ್ಲಿ. ರಾಜ್ಯದೊಳಗೆ ಸರಕು ಮಾರುವವನಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಕಿಲ್ಲ. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವ ಸಣ್ಣವರಿಗೂ ಈ ವಿನಾಯಿತಿ ಬಂತು, ಆದರೆ ಸ್ವಂತ ರಾಜ್ಯದೊಳಗೆ ಮಾತ್ರ. ಗಡಿ ದಾಟಿಸಿ ತೆರಿಗೆಯುಳ್ಳ ಸರಕು ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ, ತಿಂಗಳೋ ಮೂರು ತಿಂಗಳೋ ರಿಟರ್ನ್. ಹೀಗಾಗಿ ಗಡಹಿಂಗ್ಲಜದ ಹುಡುಗಿ 400 ಕಿಲೋಮೀಟರಿಗೂ ದೂರದ ಮುಂಬೈಗೆ ಖಾರದ ಪುಡಿ ಕಳಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ತನ್ನೂರಿನ ಹಿರಣ್ಯಕೇಶಿ ನದಿಯ ದಂಡೆಯಲ್ಲೇ ಇರುವ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯ ಕರ್ನಾಟಕದ ಸಂಕೇಶ್ವರಕ್ಕೆ ಕಳಿಸಬೇಕಾದರೆ ಜಿಎಸ್‌ಟಿ ನಂಬರು ಬೇಕು. ಹಲಕರ್ಣಿ, ನೂಲ ಕಡೆಯ ಕನ್ನಡ ಮನೆಗಳಿಗೆ ಬೀಗರು ಇರುವುದು ಗಡಿಯಾಚೆಯೇ, ಸಂತೆಯೂ ಅಲ್ಲಿಯೇ. ಕರಕುಶಲ ವಸ್ತುಗಳಿಗೆ ಈ ನಿಯಮದಲ್ಲಿ ಸಡಿಲಿಕೆ ಇದೆ, ಖಾರದ ಪುಡಿಗೆ ಇಲ್ಲ. ಗಡಿಯ ಎರಡೂ ಕಡೆಯ ಸಣ್ಣ ಮಾರಾಟಗಾರರಿಗೆ ಒಂದು ಮಿತಿಯವರೆಗೆ ಅಂತಾರಾಜ್ಯ ವಿನಾಯಿತಿ ಕೊಡಬೇಕೆಂದು ಜಿಎಸ್‌ಟಿ ಮಂಡಳಿಯನ್ನು ಎರಡೂ ಸರ್ಕಾರಗಳು ಕೇಳಬೇಕು. ಗಡಿ ವಿವಾದದ ಬಗ್ಗೆ ಇಷ್ಟು ಮಾತಾಡುವ ನಾಯಕರು ಗಡಿಯ ಮಕ್ಕಳ ಈ ಸಣ್ಣ ಕಷ್ಟಕ್ಕೂ ಬಾಯಿ ತೆರೆಯಲಿ.

ಸೇವೆ ಮಾರುವವರಿಗೆ ಈ ತೊಡಕಿಲ್ಲ. 20 ಲಕ್ಷದವರೆಗೆ ರಾಜ್ಯ ದಾಟಿದರೂ ನೋಂದಣಿ ಬೇಡ. ಬಂಡವಾಳವಿಲ್ಲದ ವಿದ್ಯಾರ್ಥಿಗೆ ನಾನು ಮೊದಲು ತೋರಿಸುವ ದಾರಿ ಇದೇ. ವಿಡಿಯೊ ಎಡಿಟಿಂಗ್, ಅಂಗಡಿಗಳ ಪೇಜ್ ನೋಡಿಕೊಳ್ಳುವುದು, ಮಕ್ಕಳಿಗೆ ಆನ್‌ಲೈನ್ ಪಾಠ, ಮಗ್ಗಕ್ಕೆ ಕಂಪ್ಯೂಟರಿನಲ್ಲಿ ನಮೂನೆ ಬಿಡಿಸುವುದು. ಎಲ್ಲಕ್ಕಿಂತ ಮಿಗಿಲಾಗಿ ಇಲ್ಲಿಯ ಕನ್ನಡ ಮನೆಯ ಮಕ್ಕಳ ಬಾಯಲ್ಲಿ ಎರಡು ಭಾಷೆ ಸಲೀಸು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಪುಣೆಯ ಕಂಪನಿಗೆ ಹುಬ್ಬಳ್ಳಿಯಲ್ಲಿ, ಬೆಂಗಳೂರಿನ ಕಂಪನಿಗೆ ಸಾಂಗಲಿಯಲ್ಲಿ ಗಿರಾಕಿ ಬೇಕಾದಾಗ ಜಾಹೀರಾತಿಗೆ ದನಿ ಕೊಡಲು, ವಿಡಿಯೊಗೆ ಅಡಿಬರಹ ಹಾಕಲು, ಫೋನೆತ್ತಿ ಮಾತಾಡಲು ಇಂಥವರೇ ಬೇಕು. ಕನ್ನಡ ಮನೆಯಲ್ಲಿ ಬೆಳೆದದ್ದರಿಂದ ಹಿಂದೆ ಬಿದ್ದೆವೆಂದು ಕೊರಗುವ ಗಡಿನಾಡಿನ ಹುಡುಗರು ತಮ್ಮ ಕೈಯಲ್ಲಿರುವುದರ ಬೆಲೆಯನ್ನು ಇನ್ನೂ ಕಟ್ಟಿಲ್ಲ.

ಹುಡುಗಿಯರ ಕಷ್ಟ ಹುಡುಗರಿಗೆ ಅರ್ಥವಾಗುವುದು ಕಡಿಮೆ. ಪೇಜಿನ ಮೇಲೆ ನಂಬರು ಹಾಕಿದ ರಾತ್ರಿಯಿಂದಲೇ ಬೇಡದ ಫೋನುಗಳು ಶುರು. ಮನೆಯವರು ಧಂದೆಯನ್ನೇ ನಿಲ್ಲಿಸಿಬಿಡುತ್ತಾರೆ. ದುಡ್ಡು ಬೀಳುವುದು ಅಪ್ಪನ ಇಲ್ಲವೇ ಅಣ್ಣನ ಖಾತೆಗೆ. ವರ್ಷದ ಕೊನೆಗೆ ಅವಳ ಗಳಿಕೆ ಎಷ್ಟೆಂದು ಅವಳಿಗೇ ಗೊತ್ತಿರುವುದಿಲ್ಲ. ಹದಿನೆಂಟು ತುಂಬದವರು ಕಾನೂನಿನಂತೆ ಕರಾರು ಮಾಡಿಕೊಳ್ಳುವಂತಿಲ್ಲ, ಆದ್ದರಿಂದ ಹನ್ನೊಂದು-ಹನ್ನೆರಡನೇ ಇಯತ್ತೆಯವರು ಹಿರಿಯರ ಹೆಸರಿನಲ್ಲಿ ನಡೆಸುವುದು ಸರಿಯೇ. ಹದಿನೆಂಟಾದ ದಿನ ಮಾತ್ರ ಸ್ವಂತ ಖಾತೆ, ಸ್ವಂತ ಪ್ಯಾನ್, ಧಂದೆಗೆ ಬೇರೆ ಸಿಮ್ ಆಗಬೇಕು. ತಾಯಿಯ ಬಚತ್ ಗಟ್ (ಸ್ವಸಹಾಯ ಗುಂಪು) ಇದ್ದರೆ ಅದರ ಹೆಸರಿನಲ್ಲಿ ಮಾರುವುದು ಇನ್ನೂ ಒಳ್ಳೆಯದು: ಖಾರ ಕುಟ್ಟುವುದು ತಾಯಂದಿರು, ಆರ್ಡರ್ ನೋಡುವುದು ಮಗಳು. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅದಕ್ಕೆ ನೂರಾರು ರೂಪಾಯಿ ಕೇಳುವ ಏಜೆಂಟರನ್ನು ದೂರವಿಡಬೇಕು.

ಕೊಲ್ಹಾಪುರದವರು ಮರೆಯಬಾರದ ಇನ್ನೊಂದು ಮಾತು ಮಹಾಪೂರ. 2019ರ ಆಗಸ್ಟ್, 2021ರ ಜುಲೈಗಳಲ್ಲಿ ಪಂಚಗಂಗೆ ಉಕ್ಕಿ ಪುಣೆ-ಬೆಂಗಳೂರು ಹೆದ್ದಾರಿಯೇ ಶಿರೋಲಿ ಬಳಿ ದಿನಗಟ್ಟಲೆ ಬಂದ್ ಆಗಿತ್ತು. ಮಳೆಗಾಲದಲ್ಲಿ ತಲುಪುವ ತಾರೀಖು ಕೊಡುವಾಗ ಎಚ್ಚರವಿರಲಿ. ಚರ್ಮದ ಸರಕಂತೂ ಆಗ ನೆನೆಯಲೇಬಾರದು.

ಇನ್ನು ಕಾಲೇಜುಗಳು. ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ವಿದ್ಯಾರ್ಥಿ-ಅಧ್ಯಾಪಕರ ನವೋದ್ಯಮ ನೀತಿ ಧಂದೆಯ ಕೆಲಸಕ್ಕೆ ಕ್ರೆಡಿಟ್ ಕೊಡಲು, ಹಾಜರಿಯಲ್ಲಿ ಸಡಿಲಿಕೆ ಮಾಡಲು, ಬೇಕಿದ್ದರೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ಕೊಡಲು ಅವಕಾಶವಿತ್ತಿದೆ. ಇದು ದೊಡ್ಡ ಎಂಜಿನಿಯರಿಂಗ್ ಕಾಲೇಜುಗಳ ಇನ್‌ಕ್ಯುಬೇಷನ್ ಸೆಂಟರುಗಳಲ್ಲಿ ಕೇಳಿಬರುವಷ್ಟು ಬಿ.ಎ., ಬಿ.ಕಾಂ. ತರಗತಿಗಳಲ್ಲಿ ಕೇಳಿಬರುವುದಿಲ್ಲ. ಆ್ಯಪ್ ಕಟ್ಟುವವನಿಗೆ ‘ಸ್ಟಾರ್ಟಪ್’ ಎಂಬ ಗೌರವ. ಖಾರ ಮಾರುವವಳಿಗೆ ‘ಓದು ಬಿಟ್ಟು ಇದೇನು’ ಎಂಬ ಬೈಗುಳ. ಈ ಭೇದ ನನಗೆ ನೋವು ತರುತ್ತದೆ. ಭಾಷಣ, ಸ್ಪರ್ಧೆ, ಪ್ರಮಾಣಪತ್ರಗಳಿಗಿಂತ ಇವರಿಗೆ ಬೇಕಾದದ್ದು ಮೊದಲ ಗಿರಾಕಿ.

ಮೊದಲ ಗಿರಾಕಿಯಾಗುವ ಪಾಠ ಕೊಲ್ಹಾಪುರದಲ್ಲೇ ಇದೆ. ಅಸ್ಪೃಶ್ಯರೆನಿಸಿದ್ದ ಗಂಗಾರಾಮ ಕಾಂಬಳೆಯವರಿಗೆ ಭಾವುಸಿಂಗ್‌ಜಿ ರಸ್ತೆಯಲ್ಲಿ ಚಹಾದ ಅಂಗಡಿ ಹಾಕಲು ರಾಜರ್ಷಿ ಶಾಹೂ ಮಹಾರಾಜರು ನೆರವಾದರು. ಜನ ಅಲ್ಲಿ ಚಹಾ ಕುಡಿಯಲು ಹಿಂಜರಿದಾಗ ಮಹಾರಾಜರೇ ಸಾರೋಟು ನಿಲ್ಲಿಸಿ ಚಹಾ ತರಿಸಿ ಕುಡಿದರು, ಜೊತೆಗಿದ್ದವರಿಗೂ ಕುಡಿಸಿದರು. ಆಮೇಲೆ ಗಿರಾಕಿಗಳು ಬಂದರು. ಬಂಡವಾಳ ಕೊಟ್ಟು ಕೈತೊಳೆದುಕೊಳ್ಳದೆ ಮೊದಲ ಗಿರಾಕಿಯಾಗಿ ನಿಂತದ್ದು ಅವರ ದೊಡ್ಡತನ.

ಕಾಲೇಜುಗಳು ವರ್ಷವಿಡೀ ಕೊಳ್ಳುತ್ತಲೇ ಇರುತ್ತವೆ: ಅತಿಥಿಗಳಿಗೆ ಶಾಲು, ಸನ್ಮಾನದ ಕಾಣಿಕೆ, ಕ್ರೀಡಾಕೂಟದ ಬಟ್ಟೆ, ಹಾಸ್ಟೆಲಿನ ಚಾದರು, ಕ್ಯಾಂಟೀನಿನ ಖಾರ-ಬೆಲ್ಲ, ಸಮಾರಂಭದ ವಿಡಿಯೊ. ಇವುಗಳಲ್ಲಿ ಒಂದು ಪಾಲನ್ನು, ಹತ್ತರಲ್ಲಿ ಒಂದಾದರೂ, ತಮ್ಮದೇ ವಿದ್ಯಾರ್ಥಿಗಳಿಂದ ಬಿಲ್ಲು ಪಡೆದು ಕೊಳ್ಳಲಿ. ಸಮಯಕ್ಕೆ ಹಣ ಕೊಡಲಿ, ಸರಕು ಕೆಟ್ಟದಿದ್ದರೆ ಮುಲಾಜಿಲ್ಲದೆ ವಾಪಸ್ ಕಳಿಸಲಿ. ವಾರಕ್ಕೆರಡು ಸಲ ಕಾಲೇಜಿನ ಗೇಟಿನಿಂದಲೇ ಪಾರ್ಸಲ್ ಎತ್ತುವಂತೆ ಅಂಚೆ ಕಚೇರಿಯೊಡನೆ ಮಾತಾಡಿಕೊಳ್ಳಲಿ. ವಾಣಿಜ್ಯ ವಿಭಾಗದ ಅಧ್ಯಾಪಕರು ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಕೂತು ಮಕ್ಕಳ ಜಮಾ-ಖರ್ಚಿನ ವಹಿ ನೋಡಲಿ, ವಾಪಸ್ ಬಂದ ಪಾರ್ಸಲಿನ ನಷ್ಟವನ್ನು ಅದರಲ್ಲಿ ಬರೆಸಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ಪ್ರಾಚಾರ್ಯರ ಒಂದು ಸುತ್ತೋಲೆ ಸಾಕು, ಈ ಜೂನ್‌ನಿಂದಲೇ ಶುರುಮಾಡಬಹುದು.